ಎಡದಿಂದ ಮೂರನೆಯವಳು

ವರ್ಷಕ್ಕೊಮ್ಮೆ, ಅಕ್ಟೋಬರಿನ ಎರಡನೇ ಶನಿವಾರ,
ಮೇನ್ ತೀರದ ನಮ್ಮ ಟಾರ್ಬೆಲ್ ಕೋವಿನಲ್ಲಿ
ಬೆಂಕಿ ಆರಿಸುವ ಲಾರಿ ಎರಡನ್ನೂ ಅಂಗಳಕ್ಕೆ ಓಡಿಸಿ
ಠಾಣೆಯೊಳಗೆ ಮೇಜು ಹಾಕುತ್ತೇವೆ.
ಒಂದರಲ್ಲಿ ಫ್ಲೂ ಸೂಜಿ, ಒಂದರಲ್ಲಿ ಬಿಪಿ ಪಟ್ಟಿ,
ಚಳಿಗಾಲದ ಸೀಮೆಎಣ್ಣೆಗೆ ಸಹಾಯಧನದ ಅರ್ಜಿ,
ಗೋಡೆಯುದ್ದಕ್ಕೂ ಯಾರ್ಯಾರೋ ಬಿಟ್ಟ ಕೋಟುಗಳು.
ಬೇಕಾದವರು ಒಯ್ಯಬಹುದು, ಕೇಳುವವರಿಲ್ಲ.

ಕೊನೆಯ ಮೇಜು ನನ್ನದು, ಬಾಗಿಲ ಪಕ್ಕ, ಗಾಳಿ ಬಡಿಯುವಲ್ಲಿ.
ಒಂದು ಸ್ಕ್ಯಾನರು, ಹತ್ತಿಯ ಕೈಗವಸು, ಮೆತ್ತನೆ ಪೆನ್ಸಿಲು,
ಕೈಬರಹದ ಫಲಕ:
ಮನೆಯ ಹಳೇ ಫೋಟೋ ತನ್ನಿ. ಹತ್ತೇ ನಿಮಿಷ. ವಾಪಸು ಕೊಡುತ್ತೇವೆ.
ತರುತ್ತಾರೆ, ಬೂಟಿನ ಡಬ್ಬದಲ್ಲಿ, ದಿಂಬಿನ ಚೀಲದಲ್ಲಿ.
ಡೆನ್ವರ್ ಬೀಲ್ ತಂದದ್ದು ಅಪ್ಪನ ಜೊತೆ ಮುಳುಗಿದ ದೋಣಿ,
ಮುಳುಗುವ ಹಿಂದಿನ ಬೇಸಿಗೆಯದು, ಹೊಸ ಬಣ್ಣ ಬಳಿದದ್ದು.
ಚಿತ್ರ ಕಪ್ಪುಬಿಳುಪು. ಆದರೂ ಅವನಿಗೆ ಗೊತ್ತು.
ಹಸಿರು, ಎಂದು ಬರೆದುಕೊಂಡೆ.

ನನ್ನ ಬೆನ್ನ ಹಿಂದಿನ ಗೋಡೆಗೆ ದೊಡ್ಡದಾಗಿ ಹಿಗ್ಗಿಸಿದ ಒಂದು:
ಐವತ್ತೊಂದನೇ ಇಸವಿ, ಬೂತಾಯಿ ಡಬ್ಬಿಯ ಕಾರ್ಖಾನೆ.
ಹನ್ನೊಂದು ಹೆಂಗಸರು, ಹನ್ನೊಂದು ಕತ್ತರಿ,
ಬೆರಳಿಗೆಲ್ಲ ಸುತ್ತಿದ ಬಟ್ಟೆ.
ಬೆಳಗಿಂದ ಮೀನಿನ ತಲೆ ತರಿದ ಕೈಗಳು
ಎಲ್ಲಿರಬೇಕೆಂದು ತಿಳಿಯದೆ ಏಪ್ರನ್ನಿನ ಮೇಲೆ ಕೂತಿವೆ.
ಹತ್ತು ಹೆಸರು ಸಿಕ್ಕಿವೆ. ಹತ್ತು ವರ್ಷ ಹಿಡಿಯಿತು.
ಎಡದಿಂದ ಮೂರನೆಯವಳು ಮಾತ್ರ
ಫ್ಲ್ಯಾಶ್ ಮಿಂಚುವ ಹೊತ್ತಿಗೆ ಮುಖ ತಿರುಗಿಸಿದ್ದಾಳೆ.
ಕಿವಿ, ಅರ್ಧ ಕೆನ್ನೆ, ಬಲೆಯೊಳಗಿನ ಕೂದಲು.
ಅಡಿಯಲ್ಲಿ: ಹೆಸರು ತಿಳಿಯದು.

ಹನ್ನೊಂದೂವರೆಗೆ ಅರ್ಡಿತ್ ಲಂಟ್ ಬಂದಳು.
ತೊಂಬತ್ತಮೂರು. ನಡಿಗೆಯ ಚೌಕಟ್ಟಿನ ಕಾಲಿಗೆ ಟೆನಿಸ್ ಚೆಂಡು.
ಬಂದದ್ದು ನನ್ನ ಮೇಜಿಗಲ್ಲ, ಕೋಟಿಗೆ.
ನೀಲಿಯದೊಂದು ತೊಟ್ಟು, ಗುಂಡಿ ಹಾಕುತ್ತ ಹಾಕುತ್ತ ಗೋಡೆ ನೋಡಿದಳು.
"ಎಡಚಿ," ಅಂದಳು. "ಬಲಗೈ ಕತ್ತರಿಯನ್ನೇ
ಎಡಗೈಲಿ ಹಿಡಿದು ನಮಗಿಂತ ಬೇಗ ಕೊಯ್ಯುತ್ತಿದ್ದಳು.
ನನ್ನ ಎರಡು ಡಾಲರು ಅವಳಲ್ಲೇ ಉಳಿಯಿತು."

ಪೆನ್ಸಿಲು ಆಗಲೇ ನನ್ನ ಕೈಗೆ ಬಂದಿತ್ತು.
"ಹೆಸರು?"

ಅರ್ಡಿತ್ ನೋಡಿದ್ದು ಪೆನ್ಸಿಲನ್ನು, ನನ್ನನ್ನಲ್ಲ.
"ಇಲ್ಲಿ ಹೇಳಿಕೊಂಡದ್ದು ಒಂದು.
ಉಪ್ಪಿನ ಕೋಣೆಯಲ್ಲಿ ನನಗೊಬ್ಬಳಿಗೆ ಹೇಳಿದ್ದು ಇನ್ನೊಂದು.
ರಾತ್ರೋರಾತ್ರಿ ದ್ವೀಪದಿಂದ ದಾಟಿ ಬಂದವಳು, ಪಕ್ಕೆಲುಬು ಮುರಿದು.
ಹುಡುಕಿಕೊಂಡು ಅವನು ಎರಡು ಸಲ ಬಂದ.
ಎರಡು ಸಲವೂ ಇಡೀ ಸಾಲಿಗೆ ಸಾಲೇ
ಗೊತ್ತಿಲ್ಲ ಅಂದೆವು."

"ಅವನೀಗ..."

"ಮಣ್ಣಾಗಿ ಐವತ್ತು ವರ್ಷ. ಅವಳೂ ಹೋದಳು, ಒಳನಾಡಲ್ಲೆಲ್ಲೋ.
ಅದಕ್ಕೇನೀಗ? ಕೊಟ್ಟ ಮಾತಿಗೆ ಗಡುವು ಬರೆದಿರುತ್ತಾರೇನು?"

ಖಾಲಿ ಗಾಜಿನಡಿ ಸ್ಕ್ಯಾನರಿನ ಬೆಳಕು
ಸುಮ್ಮನೆ ಒಂದು ಸಲ ಹೋಗಿಬಂತು.
ನನಗೆ ಇತಿಹಾಸ ಬೇಕಿತ್ತು, ಹನ್ನೊಂದಕ್ಕೆ ಹನ್ನೊಂದು.
ಹತ್ತು ವರ್ಷ ಕೈಯಲ್ಲಿ ಫೋಟೋ ಹಿಡಿದು
ಮನೆಮನೆಯ ಕದ ತಟ್ಟಿದ್ದೆ:
ಇವಳು ಯಾರು, ನೋಡಿದ್ದೀರಾ.
ಅವನೂ ಹೀಗೇ ತಟ್ಟಿರಬೇಕು.

ಅರ್ಡಿತ್ ಹೊಸ ಹಳೇ ಕೋಟಿನ ಜೇಬು ತಡಕಿ
ಅದರಲ್ಲಿ ಸಿಕ್ಕ ಒಂಟಿ ಕೈಗವಸು ನನ್ನ ಮೇಜಿಗೆ ಹಾಕಿದಳು.
"ತಗೋ. ಪತ್ತೆದಾರಿ ಬೇಕಿದ್ದರೆ ಇದರದ್ದು ಮಾಡು."
ಟೆನಿಸ್ ಚೆಂಡು ಉಜ್ಜುತ್ತ ಸಾರಿನ ಸಾಲಿಗೆ ಹೋದಳು.

ಅಡಿಬರಹ ಹಾಗೇ ಇದೆ.
ಒಂದಕ್ಷರ ಬದಲಿಸಿಲ್ಲ.

ಎರಡು ಗಂಟೆಗೆ, ಪ್ರತಿವರ್ಷದಂತೆ, ಎಲ್ಲರದೂ ಒಂದು ಚಿತ್ರ.
ಲಾರಿಯ ಮೆಟ್ಟಿಲು ಹತ್ತಿ ನಿಂತು ಎಣಿಸಿದೆ,
ಮೂರು, ಎರಡು,
ಸೀಮೆಎಣ್ಣೆಯ ಸಾಲಿನಲ್ಲಿದ್ದ ಒಬ್ಬ ಹುಡುಗಿ
ಸರಿಯಾಗಿ ಒಂದು ಅನ್ನುವಾಗ ಬಗ್ಗಿದಳು
ಬೂಟಿನ ಲಾಡಿ ಕಟ್ಟಿಕೊಳ್ಳಲು.

ರಬ್ಬರಿನ ಬೂಟು.
ಲಾಡಿಯೇ ಇರಲಿಲ್ಲ.