ಹಿಂದಿನ ಗೇಟಿನವನು

ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿದ್ದಾಳೆ ಎಮೋಕೆ:
ಒಂಬತ್ತೂವರೆಗೆ ಟ್ರಾಮು, ಹತ್ತಕ್ಕೆ ಸೀಲುಗಳ ಊಟ,
ಆಮೇಲೆ ಜಿರಾಫೆ, ಆಮೇಲೆ ಐಸ್‌ಕ್ರೀಮು.
ಪೆನ್ಸಿಲ್ ಕಚ್ಚುತ್ತ ಕೇಳುತ್ತಾಳೆ:
“ತಾತಾ, ಮುಖ್ಯ ಬಾಗಿಲು ಎಲ್ಲಿ?”

ಗೊತ್ತಿಲ್ಲ ಮಗೂ.
ಮೂವತ್ತೊಂದು ವರ್ಷ ಹಿಂದಿನ ಗೇಟಿನಿಂದಲೇ ಹೋದವನು ನಾನು,
ಹುಲ್ಲಿನ ಲಾರಿಯ ಜೊತೆ,
ಬುಡಾಪೆಸ್ಟ್ ಇನ್ನೂ ಆಕಳಿಸುವಾಗ.
ಟಿಕೀಟಿಗೆ ಎಷ್ಟೆಂದು ಇವತ್ತೇ ಕೇಳಿದ್ದು,
ಕೇಳಿ ಎದೆ ಧಸಕ್ಕೆಂದಿತು.

ಖಡ್ಗಮೃಗವನ್ನು ಕೊನೆಗಿಟ್ಟಿದ್ದಾಳೆ. ಇರಲಿ.
ಅವಳಿಗೆ ಹೇಳಿಲ್ಲ:
ಬೋರ್ಕಾಗೆ ಕಣ್ಣು ಮಂದ,
ಮೂಗು ಮಾತ್ರ ಸುಂಕದವನದು.
ಅದಕ್ಕೇ ಹೊಸ ಸೋಪು ತಂದಿದ್ದೇನೆ,
ಹಳೇ ಕೋಟು ಗೂಟದಲ್ಲೇ ಇರಲಿ ಅಂದುಕೊಂಡಿದ್ದೇನೆ,
ಭಾನುವಾರ ಗಾಳಿ ಯಾವ ಕಡೆಯದೆಂದು
ರೇಡಿಯೋಗೆ ಕಿವಿ ಕೊಟ್ಟು ಕೂತಿದ್ದೇನೆ.

ಗುರುತು ಹಿಡಿದು ಬೇಲಿಯ ತನಕ ಬಂದುಬಿಟ್ಟರೆ
ಕೊಡಲು ಕೈಯಲ್ಲಿ ಏನಿದೆ?
“ಪ್ರಾಣಿಗಳಿಗೆ ತಿನಿಸು ಕೊಡಬಾರದು”
ಆ ಬೋರ್ಡಿಗೆ ಮೊಳೆ ಹೊಡೆದವನೂ ನಾನೇ.

ಶನಿವಾರ, ನಡುರಾತ್ರಿ.
ದೀಪ ಹಾಕದೆ ಎದ್ದು
ಕೋಟಿನ ತೋಳಿಗೆ ಮೂಗು ಒತ್ತಿದೆ.
ಒಣಹುಲ್ಲು, ಕೆಸರು, ಅವಳ ಉಸಿರು.

ಬೆಳಿಗ್ಗೆ ಎಮೋಕೆ ಕೇಳಿದರೆ,
ಜೂನ್ ತಿಂಗಳಲ್ಲಿ ಇದೇಕೆ ತಾತಾ ಅಂದರೆ,
ಚಳಿ ಅನ್ನುತ್ತೇನೆ.