ಜೋಡಿ ಹಂಸ, ಐದರ ಪೊಟ್ಟಣ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ
ಹೂವಿನವರ ಸಾಲು ಮುಗಿದ ಮೇಲೆ ನನ್ನ ಅಂಗಡಿ.
ಗುಂಡಿ, ಲೇಸು, ಫಾಲ್ಸು, ನೂರೆಂಟು ಬಣ್ಣದ ದಾರ,
ಮತ್ತೆ ನಮ್ಮ ಮಾವನವರು ತುಂಬಿಸಿಟ್ಟು ಹೋದ ಒಂದು ತಗಡಿನ ಡಬ್ಬ:
ಜೋಡಿ ಹಂಸ ಬ್ಲೇಡು.
ಕಂಪನಿ ಮುಚ್ಚಿ ಎಷ್ಟು ವರ್ಷವಾಯಿತೋ.
ನಾನು ಅದರಲ್ಲಿ ರವಿಕೆಯ ಹೊಲಿಗೆ ಬಿಚ್ಚುತ್ತಿದ್ದೆ.

ಧರಣೇಂದ್ರಯ್ಯನವರು ಬಂದದ್ದು ಒಂದು ಮಂಗಳವಾರ,
ಸೆಲೂನು ಮುಚ್ಚಿದ ದಿನ.
ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆಸಿ ನಿವೃತ್ತರಾದವರು.
ಕೆನ್ನೆಯ ಮೇಲೆ ಮೂರು ಕಡೆ ಕಾಗದದ ಚೂರು,
ಒಂದೊಂದರ ನಡುವೆ ಒಂದು ಕೆಂಪು ಚುಕ್ಕೆ.
"ನಾಲ್ಕು ಅಲಗು, ಐದು ಅಲಗು ಅಂತಾರೆ ಕಣಮ್ಮ ಈಗ.
ಗಡ್ಡ ಒಂದೇ ಅಲ್ಲವಾ?"
ಅಷ್ಟರಲ್ಲಿ ಕಣ್ಣು ನನ್ನ ಕೈಯ ಬ್ಲೇಡಿಗೆ ಬಿತ್ತು.
ಕಳೆದುಹೋದ ಬಾಂದುಕಲ್ಲು ಸಿಕ್ಕಿದವರ ಹಾಗೆ ನಿಂತರು.

"ಎಷ್ಟು?"
ಪೊಟ್ಟಣದ ಮೇಲೆ ಅಚ್ಚಾಗಿದ್ದದ್ದು ಎರಡೂವರೆ ರೂಪಾಯಿ.
ನನ್ನ ಬಾಯಿಂದ ಬಂದದ್ದು ನಲವತ್ತು.
ಇದೇ ಕೊನೆಯದು, ಎಂದೂ ಸೇರಿಸಿದೆ.

ಮುಂದಿನ ತಿಂಗಳು ಇನ್ನೊಂದು ಕೊನೆಯದು, ಎಂಬತ್ತು.
ಆಮೇಲಿನ ಕೊನೆಯದು ನೂರೈವತ್ತು.
ಶ್ರಾವಣಕ್ಕೆ ಮುನ್ನೂರು.
ದುರಾಸೆ, ಇಲ್ಲ ಎನ್ನಲಾರೆ. ಓವರ್‌ಲಾಕ್ ಮಿಷನ್ನಿನ ಕಂತಿತ್ತು.
ಆದರೆ ಅದಕ್ಕಿಂತ
ನೋಡಬೇಕಿತ್ತು ನನಗೆ,
ಒಬ್ಬ ಗಂಡಸಿನ ಕೆನ್ನೆ ಎಲ್ಲಿಯ ತನಕ ಏರುತ್ತದೆ ಎಂದು.
ಪಕ್ಕದಲ್ಲಿ ಕತ್ತರಿಗೆ ಸಾಣೆ ಹಿಡಿಯುವ ಬಾಬಾಜಾನ್
"ಐನೂರು ಅಂದ್ರೂ ಕೊಡ್ತಾರೆ" ಎಂದು ಒಂದು ಟೀ ಪಂದ್ಯ ಕಟ್ಟಿದ.

ಬೆಲೆ ಏರಿದಂತೆ ಅವರ ಕೆನ್ನೆ ನುಣುಪಾಯಿತು.
ಕೇಳದಿದ್ದರೂ ಹೇಳುತ್ತಿದ್ದರು: ಹಂಡೆಯ ನೀರು, ಬಟ್ಟಲ ಸೋಪು,
"ಮೊದಲ ಎಳೆತ ಎಡಗಿವಿಯಿಂದ. ಆ ಸದ್ದು ಕೇಳಬೇಕು ನೀವು,
ಹೊಸ ಕಾಟನ್ ಹರಿದ ಹಾಗೆ."
ಆ ಸದ್ದು ನನಗೆ ಗೊತ್ತು. ಹೇಳಲಿಲ್ಲ.

ಐನೂರು ಎಂದ ದಿನ
ಜೇಬಿನಲ್ಲಿ ಕೈಯಿಟ್ಟು ಹಾಗೇ ನಿಂತರು.
"ನಮ್ಮಣ್ಣ ಬೆಳಗೊಳದಲ್ಲಿದ್ದಾನೆ. ಅಣ್ಣ ಅನ್ನಬಾರದು, ಮುನಿಗಳು.
ನಿನ್ನೆ ಕೇಶಲೋಚ. ಹೋಗಿದ್ದೆ.
ಬೂದಿ ಹಚ್ಚಿಕೊಂಡು ಕೂತು ಗಡ್ಡ ಕೀಳುತ್ತಿದ್ದರು, ಬರಿಗೈಯಲ್ಲಿ,
ಪಾತಿಯ ಕಳೆ ಕೀಳುವವರ ಹಾಗೆ, ಅವಸರವಿಲ್ಲದೆ.
ಜನ ಕೈಮುಗಿದಿದ್ದರು. ನಾನು ನನ್ನ ಕೆನ್ನೆ ಹಿಡಿದುಕೊಂಡಿದ್ದೆ.
ಒಂದೇ ಜೋಡಿ ಹಂಸ ಕಣಮ್ಮ, ಆಗ ನಮ್ಮಿಬ್ಬರಿಗೂ.
ಭಾನುವಾರ ಅವನು, ಬುಧವಾರ ನಾನು."
ನೋಟು ತೆಗೆದು ಮೇಜಿನ ಮೇಲಿಟ್ಟರು.

ಬಾಬಾಜಾನನ ಚಕ್ರ ನಿಂತಿತ್ತು.
ನಾನು ಡಬ್ಬ ಇಳಿಸಿ ಮುಚ್ಚಳ ತೆಗೆದು ತೋರಿಸಿದೆ:
ಹದಿನೇಳು ಕೊನೆಯವು.
ಎಣಿಸಿದರು. ಇನ್ನೊಮ್ಮೆ ಎಣಿಸಿದರು, ಸರ್ವೆಯವರಲ್ಲವೇ.
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
"ಅಚ್ಚಾದ ಬೆಲೆ ಕೊಡಿ" ಎಂದೆ.

ನೋಟು ಮಡಿಚಿ, ಮೂರು ರೂಪಾಯಿ ಇಟ್ಟರು.
ಎಂಟಾಣೆ ಎಲ್ಲಿಂದ ತರಲಿ?
ಭಿಕ್ಷುಕರೂ ಮುಟ್ಟುವುದಿಲ್ಲ ಅದನ್ನು.
ಎರಡು ಅಂಗಿ ಗುಂಡಿ ಕೊಡಲೇ ಎಂದೆ.
"ಲೆಕ್ಕದಲ್ಲಿರಲಿ. ಎಂಟಾಣೆ ಅಂದರೆ ನಮ್ಮಲ್ಲಿ ಅರ್ಧ ಗುಂಟೆ.
ಒಂದು ಸಣ್ಣ ಮನೆ ಏಳುತ್ತೆ."
ಒಂದೇ ಒಂದು ಪೊಟ್ಟಣ ತೆಗೆದುಕೊಂಡು
ಹೂವಿನವರ ನಡುವೆ ನಡೆದು ಹೋದರು.

ಟೀ ಯಾರು ಕೊಡಿಸಬೇಕು ಎಂದು ನಾವಿಬ್ಬರೂ ಮಾತೆತ್ತಲಿಲ್ಲ.
ಹೊಲಿಗೆ ಬಿಚ್ಚಲು ಬೇರೆ ಬ್ಲೇಡು ತಂದಿದ್ದೇನೆ ಈಗ, ಹತ್ತು ರೂಪಾಯಿಯದು.
ದಾರ ಕತ್ತರಿಸುವುದಿಲ್ಲ ಅದು, ಎಳೆಯುತ್ತದೆ.
ಬಟ್ಟೆ ಸ್ವಲ್ಪ ಮುಖ ಕಿವುಚುತ್ತದೆ.