ಶಿಯಾನದಾಗ ಮೂರು ದಿನ

ಒಣದ್ರಾಕ್ಷಿ ಆರಿಸೋ ಯಂತ್ರ ನೋಡಾಕ ಹೋಗಿದ್ದು.
ಯಂತ್ರ ಒಂದು ತಾಸಿನಾಗ ಮುಗೀತು.
ಉಳಿದದ್ದಕ್ಕೆಲ್ಲ ನಾನು, ಮೈಬೂಬಸಾಬ್ ಇನಾಮದಾರ,
ಬಾಯಿ ಕಟ್ಟಿದ ಇಬ್ಬರು, ನಡುವ ಒಂದು ಮೊಬೈಲು.

ಊರ ಸುತ್ತ ಕೋಟಿಗ್ವಾಡಿ. ಅದರ ಮ್ಯಾಲೆ
ಸೈಕಲ್ ಬಾಡಿಗಿಗೆ ಸಿಗ್ತಾವು.
ನಮ್ಮ ಬಿಜಾಪುರದ ಗ್ವಾಡಿ ಮ್ಯಾಲೆ ಆಡು ಮೇಯ್ತಾವು, ಅಂದೆ.
ಅವೂ ಬಾಡಿಗಿ ಕೊಡೂದಿಲ್ಲ, ಅಂದ ಮೈಬೂಬಸಾಬ್.
ಅರ್ಧ ದಾರಿಗೆ ನನ್ನ ಚೈನು ಕಳಚಿತು, ಕೈತುಂಬ ಗ್ರೀಸು.
ಒಬ್ಬ ಮುದುಕಿ ನಿಂತು ಕಾಗದ ಕೊಟ್ಟಳು,
ಏನೇನೋ ಬೈದಳು, ಮಗನಿಗೆ ಬೈದಂಗ.
ಹೂಂ ಯವ್ವಾ, ಅಂದೆ.

ಸಂಜಿಗೆ ಮಸೂತಿ ಓಣಿ.
ಮಸೂತಿಗೆ ಗುಮ್ಮಟಾನ ಇಲ್ಲ!
ಹೆಂಚಿನ ಮಾಡು, ತುದಿ ಮ್ಯಾಲಕ ಮಡಚಿದ್ದು,
ಅಂಗಳದಾಗ ಗಿಡ, ಗಿಡದಾಗ ಗುಬ್ಬಿ.
ಗೋಳಗುಮ್ಮಟದ ನೆರಳಾಗ ಹುಟ್ಟಿದಾಂವ
ಚಪ್ಪಲಿ ಬಿಡೂದು ಮರೆತು ನಿಂತ.
ಆಮ್ಯಾಲೆ ಒಳಗ ಹೋದ.
ನಾ ಕಟ್ಟಿ ಮ್ಯಾಲೆ ಕುಂತು ಚಪ್ಪಲಿ ಕಾಯ್ದೆ.

ಊಟದ್ದ ಫಜೀತಿ.
ಮಾಂಸ ಬ್ಯಾಡ, ತತ್ತಿ ಬ್ಯಾಡ ಅಂತ ಮೊಬೈಲಿಗೆ ಹೇಳಿದೆ.
ಅದು ಅವಗ ಏನು ಹೇಳಿತೋ,
ಅಂಗಡಿಯಾಂವ ನನ್ನ ಹಣಿ ಮುಟ್ಟಿ ಜ್ವರ ನೋಡಿದ.
ಆಮ್ಯಾಲೆ ಹಿಟ್ಟು ಹಿಡಿದು ಎಳೆದ,
ಎರಡೂ ಕೈ ಚಾಚಿ ಎಳೆದ,
ನಡಪಟ್ಟಿಯಷ್ಟು ಅಗಲದ ಶಾವಿಗಿ,
ಎತ್ತಿ ಹಲಗಿಗೆ ಬಡಿದ, ಫಟ್!
ಮ್ಯಾಲೆ ಕೆಂಪುಖಾರ, ಖಾರದ ಮ್ಯಾಲೆ ಕಾದ ಎಣ್ಣಿ.
ಕಡ್ಡಿಗೆ ಸೋತು ಕೈ ಹಚ್ಚಿದೆ.
ಕಣ್ಣಾಗ ನೀರು. ಖಾರಕ್ಕ, ಅಂದೆ.
ಮೈಬೂಬಸಾಬ್ ಕೇಳಿದ್ದಿಲ್ಲ.

ಓಣಿ ತುದಿಗೆ ಒಣದ್ರಾಕ್ಷಿ, ಗುಡ್ಡಿ ಗುಡ್ಡಿ, ಹಸರು.
ಒಂದು ಬಾಯಾಗ ಹಾಕಿದೆ.
ನಮ್ಮದಕ್ಕಿಂತ ಛಲೋ ಇತ್ತು.
ಇದನ್ನ ತಿಕೋಟಾದಾಗ ಯಾರಿಗೂ ಹೇಳಿಲ್ಲ.

ಏನೇನು ನೋಡಿದ್ರಿ, ಅಂತಾರ ಮಂದಿ.
ಯಂತ್ರದ ರೇಟು ಹೇಳಿ ಎದ್ದು ಬರ್ತೀನಿ.

ಇವತ್ತು ಮುಂಜಾನೆ ಬೋರಮ್ಮ ರೊಟ್ಟಿ ಬಡಿಯೂ ಸಪ್ಪಳಕ್ಕ
ಯಾವ ಊರಾಗ ಮಲಗೀನಿ ಅನ್ನೂದ ತಿಳೀಲಿಲ್ಲ.
ಅಡಗಿ ಮನಿ ಬಾಗಿಲಿಗೆ ಬಂದು ಎಲ್ಲಾ ಹೇಳಿದೆ,
ಮುದುಕಿ, ಚಪ್ಪಲಿ, ಹಲಗಿ.
ಅಲ್ಲಿ ಹಿಟ್ಟು ಬಡಿಯವರು ಯಾರು, ಅಂದಳು.
ಗಂಡಸರು, ಅಂದೆ.
ಅಕಿ ಕೈ ನಿಂತಿತು.
ಹಿಟ್ಟಿನ ಪರಾತ ನನ್ನ ಕಡೆ ಸರಿಸಿ
ಎದ್ದು ಚಾ ಕುಡಿಯಾಕ ಹೋದಳು.

ನನ್ನ ರೊಟ್ಟಿ ಮೂರು ಕಡೆ ಹರೀತು.
ಸಪ್ಪಳ ಮಾತ್ರ ಒಂದು ಸಲ
ಬರೋಬ್ಬರಿ ಬಂತು.